ಎಚ್‌ಐವಿ ಸೋಂಕಿತರ ಹಕ್ಕುಗಳಿಗಾಗಿ ವಕೀಲಿ: ತಾಲ್ಲೂಕು ನ್ಯಾಯಾಲಯದಿಂದಲೇ ಆರಂಭಿಸಬಹುದೇ?

ಮಲಪ್ರಭಾ ದಂಡೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ಮುಗಿಸಿ, ಸನ್ನದು ಪಡೆದು, ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಹಿರಿಯ ಸಿವಿಲ್ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿದ್ದೇನೆ. ನಮ್ಮ ಕಚೇರಿಗೆ ಬರುವುದು ಹೆಚ್ಚಾಗಿ ವಾಟ್ನಿ (ಆಸ್ತಿ ಪಾಲಿನ) ದಾವೆಗಳು, ಹೊಲದ ಬದುವಿನ ತಂಟೆಗಳು, ಚೆಕ್ ಬೌನ್ಸ್ ಮತ್ತು ಜೀವನಾಂಶದ ಅರ್ಜಿಗಳು. ಇವುಗಳ ನಡುವೆ ಇನ್ನೊಂದು ಬಗೆಯ ಕಕ್ಷಿದಾರರೂ ಬರುತ್ತಾರೆಂಬುದು ನನಗೆ ನಿಧಾನವಾಗಿ ಅರ್ಥವಾಯಿತು. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಬಿದ್ದ ಹೆಣ್ಣುಮಗಳು ಆಸ್ತಿಯ ಪಾಲಿನ ಬಗ್ಗೆ ಮಾತ್ರ ಮಾತನಾಡುತ್ತಾಳೆ; ಗಂಡನಿಗೆ ಏನಾಗಿತ್ತು ಎಂದು ಕೇಳಿದರೆ ಜ್ವರ ಬಂದಿತ್ತು ಎಂದಷ್ಟೇ ಹೇಳಿ ನೆಲ ನೋಡುತ್ತಾಳೆ. ಕೆಲಸ ಕಳೆದುಕೊಂಡ ಯುವಕ ಬಾಕಿ ಸಂಬಳ ಕೊಡಿಸಿ ಎನ್ನುತ್ತಾನೆ, ಕೆಲಸದಿಂದ ಯಾಕೆ ತೆಗೆದರು ಎಂಬುದನ್ನು ಹೇಳುವುದಿಲ್ಲ.

ಇವರಿಗಾಗಿಯೇ 2017ರಲ್ಲಿ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ ಬಂದಿದೆ ಎಂಬುದನ್ನು ನಾನು ತಿಳಿದದ್ದು ಕಾಲೇಜಿನಲ್ಲಲ್ಲ, ಸ್ವಂತ ಓದಿನಿಂದ. ನಮ್ಮ ವಕೀಲರ ಸಂಘದಲ್ಲಿ ಈ ಕಾಯ್ದೆಯ ಅಡಿ ಅರ್ಜಿ ಹಾಕಿದವರು ಯಾರೂ ಸಿಗಲಿಲ್ಲ. ಈ ಕ್ಷೇತ್ರವನ್ನೇ ನನ್ನ ವೃತ್ತಿಯಾಗಿ ಮಾಡಿಕೊಳ್ಳಬೇಕೆಂಬ ಮನಸ್ಸು ಗಟ್ಟಿಯಾಗಿದೆ. ಇದಕ್ಕಾಗಿ ಬೆಂಗಳೂರಿಗೋ ದೆಹಲಿಗೋ ಹೋಗಲೇಬೇಕೇ, ಅಥವಾ ಇಲ್ಲಿದ್ದುಕೊಂಡೇ ಕಲಿಯಬಹುದೇ? ಕಕ್ಷಿದಾರರ ಹೆಸರು ಊರಿಗೆಲ್ಲ ಗೊತ್ತಾಗದಂತೆ ಪ್ರಕರಣ ನಡೆಸುವುದು ತಾಲ್ಲೂಕು ಮಟ್ಟದಲ್ಲಿ ನಿಜಕ್ಕೂ ಸಾಧ್ಯವೇ? ಇದರಿಂದ ಹೊಟ್ಟೆಪಾಡು ನಡೆಯುತ್ತದೆಯೇ ಎಂಬುದನ್ನೂ ಅನುಭವಸ್ಥರು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.

ಸಾಧನಕೇರಿ ವಕೀಲ ಬರೆದ ಉತ್ತರ:

ನೀವು ಇರುವ ಜಾಗವೇ ಈ ಕೆಲಸಕ್ಕೆ ಸರಿಯಾದ ಜಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಗಲಕೋಟೆ, ಬೆಳಗಾವಿ ಭಾಗದಲ್ಲಿ ಈ ಸೋಂಕು ದಶಕಗಳ ಕಾಲ ಎಷ್ಟು ಮನೆಗಳನ್ನು ಹೊಕ್ಕಿತೆಂಬುದು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಆದರೆ ಕಾನೂನು ತಿಳಿದವರು ಮಾತ್ರ ರಾಜಧಾನಿಗಳಲ್ಲಿ ಉಳಿದರು. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2017ರ ಏಪ್ರಿಲ್‌ನಲ್ಲಿ, ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಅಷ್ಟು ವರ್ಷಗಳಾದರೂ ನಿಮ್ಮ ಬಾರ್‌ನಲ್ಲಿ ಅದನ್ನು ಬಳಸಿದವರು ಸಿಗದಿರುವುದೇ ನೀವು ಅಲ್ಲಿ ಉಳಿಯಬೇಕೆಂಬುದಕ್ಕೆ ಸಾಕಾದಷ್ಟು ಕಾರಣ.

ಮೊದಲು ಕಾಯ್ದೆಯನ್ನು ಪೂರ್ತಿ ಓದಿ, ಆಮೇಲೆ ಅದರ ಹಿಂದಿನ ಚರಿತ್ರೆಯನ್ನು ಓದಿ. ನಮ್ಮ ನೆರೆಯ ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದ್ದರಿಂದಲೇ ಅವರ ಸೋಂಕು ಬೆಳಕಿಗೆ ಬಂತು. ಆಗಿನ ಗೋವಾ ಸಾರ್ವಜನಿಕ ಆರೋಗ್ಯ ಕಾನೂನಿನ ಬಲದಿಂದ ಪೊಲೀಸರು ಅವರನ್ನು ಹಿಡಿದೊಯ್ದು, ಬಳಕೆಯಲ್ಲಿಲ್ಲದ ಕ್ಷಯ ಆಸ್ಪತ್ರೆಯೊಂದರಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಕೂಡಿಹಾಕಿದರು. ಅವರ ತಾಯಿ ಲೂಸಿ ಡಿಸೋಜಾ ಹೈಕೋರ್ಟಿನ ಮೆಟ್ಟಿಲೇರಿದರೂ ಹಾಗೆ ಕೂಡಿಹಾಕುವ ಅಧಿಕಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. 1997ರಲ್ಲಿ ಬಾಂಬೆ ಹೈಕೋರ್ಟ್ ಒಬ್ಬ ಹಂಗಾಮಿ ಕಾರ್ಮಿಕನ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು: ಕೆಲಸ ಮಾಡಲು ಶಕ್ತನಾಗಿರುವವನನ್ನು, ಇತರರಿಗೆ ಅವನಿಂದ ಅಪಾಯವಿಲ್ಲದಿರುವಾಗ, ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ದೂರವಿಡುವಂತಿಲ್ಲ ಎಂದು ಹೇಳಿತು. ಆ ಪ್ರಕರಣದಲ್ಲಿ ಕಾರ್ಮಿಕನ ಹೆಸರಿನ ಜಾಗದಲ್ಲಿ ಎಂಎಕ್ಸ್ ಎಂಬ ಅಕ್ಷರಗಳಷ್ಟೇ ಇದ್ದವು. ಮರುವರ್ಷವೇ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಸೋಂಕಿತರ ಮದುವೆಯಾಗುವ ಹಕ್ಕು ಅಮಾನತಿನಲ್ಲಿರುತ್ತದೆ ಎಂಬರ್ಥದ ಮಾತು ಹೇಳಿತು; ಕೇಳದ ಪ್ರಶ್ನೆಗೆ ಕೊಟ್ಟ ಆ ಉತ್ತರವನ್ನು ಬದಿಗೆ ಸರಿಸಲು 2002ರ ತನಕ ಕಾಯಬೇಕಾಯಿತು. ಈ ತೀರ್ಪುಗಳನ್ನು ಒಂದರ ನಂತರ ಒಂದು ಓದಿದರೆ ನ್ಯಾಯಾಲಯವೂ ಊರಿನಷ್ಟೇ ಹೆದರಬಲ್ಲದು, ಒಳ್ಳೆಯ ವಾದ ಕೇಳಿದಾಗ ಆ ಹೆದರಿಕೆಯಿಂದ ಹೊರಬರಲೂ ಬಲ್ಲದು ಎಂಬುದು ನಿಮಗೇ ಮನವರಿಕೆಯಾಗುತ್ತದೆ.

ಈಗ ಹೆಸರಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನೀವು ಕೇಳಿದ್ದರಲ್ಲಿ ಅತ್ಯಂತ ಮುಖ್ಯವಾದದ್ದು ಅದೇ. ಕಾಯ್ದೆಯ 34ನೇ ಕಲಮಿನ ಪ್ರಕಾರ ಸಂರಕ್ಷಿತ ವ್ಯಕ್ತಿಯು, ಅಂದರೆ ಈ ಕಾಯ್ದೆಯ ರಕ್ಷಣೆಗೆ ಒಳಪಟ್ಟವರು, ಪಕ್ಷಕಾರನಾಗಿರುವ ಯಾವುದೇ ನ್ಯಾಯಾಂಗ ನಡಾವಳಿಯಲ್ಲಿ, ಅವರ ಅಥವಾ ಅವರ ಪರವಾಗಿ ಬೇರೆಯವರ ಅರ್ಜಿಯ ಮೇಲೆ, ದಾಖಲೆಗಳಲ್ಲಿ ನಿಜನಾಮದ ಬದಲು ಬೇರೆ ಹೆಸರು ಬಳಸಲು, ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲು, ಗುರುತು ಬಯಲಾಗುವಂಥ ಯಾವುದನ್ನೂ ಪ್ರಕಟಿಸದಂತೆ ತಡೆಯಲು ನ್ಯಾಯಾಲಯವು ಆದೇಶಿಸಬಹುದು. ಇದು ಹೈಕೋರ್ಟಿಗೆ ಮಾತ್ರ ಕೊಟ್ಟ ಅಧಿಕಾರವಲ್ಲ. ನಿಮ್ಮ ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರಿಗೂ ಇದೆ. ಅದೇ ಕಲಮು ಇಂಥ ಪ್ರಕರಣಗಳನ್ನು ಆದ್ಯತೆಯ ಮೇಲೆ ತೀರ್ಮಾನಿಸಬೇಕೆಂದೂ ಹೇಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ, ಸೇನಾ ಆಸ್ಪತ್ರೆಯಲ್ಲಿ ರಕ್ತ ಪಡೆದು ಸೋಂಕಿಗೆ ಒಳಗಾದ ವಾಯುಪಡೆಯ ಮಾಜಿ ಯೋಧರೊಬ್ಬರಿಗೆ 1.54 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟ್, ಈ ಆದ್ಯತೆಯನ್ನು ಎಲ್ಲ ನ್ಯಾಯಾಲಯಗಳೂ ಪಾಲಿಸಬೇಕೆಂದು ಅದೇ ತೀರ್ಪಿನಲ್ಲಿ ನಿರ್ದೇಶಿಸಿದೆ. ಆ ತೀರ್ಪಿನ ಪ್ರತಿಯನ್ನು ಸದಾ ನಿಮ್ಮ ಕಡತದಲ್ಲಿಟ್ಟುಕೊಳ್ಳಿ. ಕಾಯ್ದೆಯ ಹೆಸರನ್ನೇ ಕೇಳಿರದ ನ್ಯಾಯಾಧೀಶರ ಮುಂದೆ ಕಲಮಿನ ಸಂಖ್ಯೆಯನ್ನಷ್ಟೇ ಹೇಳುವುದಕ್ಕಿಂತ ಸುಪ್ರೀಂ ಕೋರ್ಟಿನ ಮಾತನ್ನು ಓದಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ಸಂರಕ್ಷಿತ ವ್ಯಕ್ತಿಯೆಂದರೆ ಸೋಂಕು ಇರುವವರು ಮಾತ್ರವಲ್ಲ; ಅವರೊಂದಿಗೆ ಒಂದೇ ಮನೆಯಲ್ಲಿ ಬಾಳುತ್ತಿರುವವರು, ಹಿಂದೆ ಬಾಳಿದವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ಆದ್ದರಿಂದ ನಿಮ್ಮ ಬಳಿ ಬಂದ ವಿಧವೆಗೆ ಸೋಂಕು ಇದೆಯೋ ಇಲ್ಲವೋ ಎಂದು ನೀವು ಕೇಳುವ ಅಗತ್ಯವೇ ಇಲ್ಲದೆ ಅನೇಕ ಸಂದರ್ಭಗಳಲ್ಲಿ ಕಾಯ್ದೆಯ ರಕ್ಷಣೆ ಕೊಡಿಸಬಹುದು.

ಆಪ್ತ ಸಮಾಲೋಚಕಿ ಬರೆದ ಉತ್ತರ:

ವಕೀಲರು ಕಾನೂನನ್ನು ಹೇಳಿದ್ದಾರೆ. ನಾನು ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಸಮಾಲೋಚಕಿಯಾಗಿ ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿಗೆ ಮಾತ್ರೆ ಪಡೆಯಲು ಬರುವವರಲ್ಲಿ ಬಹುಪಾಲು ಜನರಿಗೆ ಕೇಸು ಹಾಕುವ ಇಚ್ಛೆ ಇರುವುದಿಲ್ಲ. ಅವರಿಗೆ ಬೇಕಾಗಿರುವುದು ಆ ವಾರ ಆಗಬೇಕಾದ ಹೆರಿಗೆ, ಮುಂದೂಡಲಾಗುತ್ತಿರುವ ಶಸ್ತ್ರಚಿಕಿತ್ಸೆ, ಮಗುವಿನ ಶಾಲೆಯ ದಾಖಲಾತಿ. ಆಸ್ಪತ್ರೆಯೊಂದು ಬೆಡ್ ಇಲ್ಲ, ಡಾಕ್ಟರು ರಜೆಯಲ್ಲಿದ್ದಾರೆ ಎಂದು ಹೇಳುತ್ತಾ ದಿನ ತಳ್ಳುತ್ತಿರುವಾಗ ರಿಟ್ ಅರ್ಜಿ (ಹೈಕೋರ್ಟಿಗೆ ಹಾಕುವ ನೇರ ಅರ್ಜಿ) ಸಿದ್ಧಪಡಿಸಲು ಕುಳಿತರೆ ಕಾಲ ಮೀರಿಹೋಗುತ್ತದೆ. ಆಗ ಕೆಲಸಕ್ಕೆ ಬರುವುದು ವಕೀಲರ ಒಂದು ದೂರವಾಣಿ ಕರೆ, ವೈದ್ಯಕೀಯ ಅಧೀಕ್ಷಕರ ಕೈಗೆ ಕೊಡುವ ಒಂದು ಪುಟದ ಪತ್ರ. ಆರೋಗ್ಯ ಸೇವೆಯನ್ನು ನಿರಾಕರಿಸುವುದು 3ನೇ ಕಲಮಿನ ಅಡಿ ತಾರತಮ್ಯವೆಂದೂ, ಸಿಬ್ಬಂದಿಗೆ ಕೈಗವಸು ಮುಂತಾದ ಸಾರ್ವತ್ರಿಕ ಮುನ್ನೆಚ್ಚರಿಕೆಯ ಸಾಮಗ್ರಿ, ತರಬೇತಿ ಹಾಗೂ ಸೂಜಿ ಚುಚ್ಚಿದರೆ 72 ಗಂಟೆಗಳೊಳಗೆ ಆರಂಭಿಸಬೇಕಾದ ತಡೆ ಔಷಧ ಒದಗಿಸುವುದು ಆಸ್ಪತ್ರೆಯದೇ ಹೊಣೆಯೆಂದೂ ಆ ಪತ್ರದಲ್ಲಿ ಮರ್ಯಾದೆಯಿಂದ ಬರೆಯಿರಿ. ನಿರಾಕರಣೆಯ ಹಿಂದೆ ಸಾಮಾನ್ಯವಾಗಿ ಇರುವುದು ದುಷ್ಟತನಕ್ಕಿಂತ ಹೆಚ್ಚಾಗಿ ಭಯ. ಆಪರೇಷನ್ ಥಿಯೇಟರಿನ ನರ್ಸ್‌ಗೆ ರಕ್ಷಣೆಯ ಭರವಸೆ ಸಿಗದಿದ್ದರೆ ಆ ಭಯ ರೋಗಿಯ ಮೇಲೆ ಬೀಳುತ್ತದೆ. ಇಬ್ಬರ ಹಕ್ಕನ್ನೂ ಒಟ್ಟಿಗೆ ಮಾತನಾಡುವ ವಕೀಲರಿಗೆ ಆಸ್ಪತ್ರೆಯ ಬಾಗಿಲು ಬೇಗ ತೆರೆಯುತ್ತದೆ.

ಒಂದು ಬೇಡಿಕೆ. ಎಆರ್‌ಟಿ ಕೇಂದ್ರಕ್ಕೆ ಬಂದು ಕಾನೂನು ನೆರವು ಬೇಕಾದವರ ಪಟ್ಟಿ ಕೊಡಿ ಎಂದು ದಯವಿಟ್ಟು ಯಾರನ್ನೂ ಕೇಳಬೇಡಿ. ಲಿಖಿತ ಒಪ್ಪಿಗೆಯಿಲ್ಲದೆ ನಾವು ಯಾರ ವಿವರವನ್ನೂ ಕೊಡುವಂತಿಲ್ಲ, ಕೊಡಲೂಬಾರದು. ಅದರ ಬದಲು ನಿಮ್ಮ ಹೆಸರು, ದೂರವಾಣಿ ಸಂಖ್ಯೆ, ನೀವು ಸಿಗುವ ಸಮಯ ಇಷ್ಟನ್ನು ನಮ್ಮಲ್ಲಿ ಬಿಟ್ಟುಹೋಗಿ. ಬೇಕಾದವರು ತಾವಾಗಿಯೇ ಬರುತ್ತಾರೆ. ಬಂದವರನ್ನು ಜನ ತುಂಬಿದ ಕಚೇರಿಯಲ್ಲಿ, ಗುಮಾಸ್ತರ ಎದುರು ಕೂರಿಸಿ ಮಾತನಾಡಿಸಬೇಡಿ. ಗಂಡನಿಗೆ ಸೋಂಕಿರುವುದನ್ನು ಹೆಂಡತಿಗೋ, ಹೆಂಡತಿಗಿರುವುದನ್ನು ಗಂಡನಿಗೋ ಹೇಳುವ ಕೆಲಸವನ್ನು ವಕೀಲರು ತಮ್ಮ ಮೇಲೆ ಎಳೆದುಕೊಳ್ಳಬಾರದು. ಅದಕ್ಕೆ 9ನೇ ಕಲಮಿನಲ್ಲಿ ಬೇರೆಯೇ ಕ್ರಮವಿದೆ. ವೈದ್ಯರು ಅಥವಾ ಸಮಾಲೋಚಕರು ಮಾತ್ರ, ಅದೂ ಮೊದಲು ಆ ವ್ಯಕ್ತಿಯೊಂದಿಗೆ ಸಮಾಲೋಚನೆ ನಡೆಸಿದ ಮೇಲೆ, ಅದನ್ನು ಮಾಡಬಹುದು. ವಿಷಯ ತಿಳಿದರೆ ಹೊಡೆತ ತಿನ್ನಬೇಕಾಗುವ, ಮನೆ ಬಿಡಬೇಕಾಗುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆಂಬುದನ್ನು ಮರೆಯಬೇಡಿ.

ಸಂಘದ ಕಾರ್ಯಕರ್ತ ಬರೆದ ಉತ್ತರ:

ತಂಗಿ, ನಾನು ಸೋಂಕಿನೊಂದಿಗೆ ಬದುಕುತ್ತಿರುವವನು. ನಮ್ಮ ಜಿಲ್ಲೆಯ ಸೋಂಕಿತರ ಸಂಘದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕೆನಿಸಿತು. ನಮ್ಮ ಪರವಾಗಿ ಮಾತನಾಡಲು ಬಂದ ಕೆಲವರು ನಮ್ಮನ್ನು ಕೇಳದೆಯೇ ಪತ್ರಕರ್ತರನ್ನು ಕರೆದುಕೊಂಡು ಬಂದದ್ದುಂಟು. ಪ್ರಕರಣ ಗೆದ್ದರೂ ಊರು ಬಿಡಬೇಕಾದರೆ ಆ ಗೆಲುವನ್ನು ನಾವು ಎಲ್ಲಿಟ್ಟುಕೊಳ್ಳೋಣ? ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಕಕ್ಷಿದಾರರದ್ದಾಗಿರಲಿ. ನಿಮಗೆ ಎಷ್ಟೇ ಒಳ್ಳೆಯ ಪ್ರಕರಣವೆನಿಸಿದರೂ ಅವರು ಬೇಡವೆಂದರೆ ಕಡತ ಮುಚ್ಚಿಡಿ.

ಸಾಧನಕೇರಿಯ ಹಿರಿಯರ ಮಾತಿಗೆ ಒಂದು ಸೇರ್ಪಡೆ. ಎಲ್ಲವನ್ನೂ ನ್ಯಾಯಾಲಯಕ್ಕೇ ಒಯ್ಯಬೇಕಾಗಿಲ್ಲ. 100 ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲಿ, ಆರೋಗ್ಯ ಸಂಸ್ಥೆಯಾದರೆ 20 ಜನರಿದ್ದರೂ, ದೂರು ಅಧಿಕಾರಿಯೊಬ್ಬರು ಇರಲೇಬೇಕು. ಅದರ ಮೇಲೆ ರಾಜ್ಯ ಸರ್ಕಾರ ನೇಮಿಸಬೇಕಾದ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸಿ ಆದೇಶ ಕೊಡುವವರು, ಇದ್ದಾರೆ. ಓಂಬುಡ್ಸ್‌ಮನ್ 30 ದಿನಗಳಲ್ಲಿ ಆದೇಶ ಕೊಡಬೇಕು; ವೈದ್ಯಕೀಯ ತುರ್ತು ಇದ್ದರೆ ಸಾಧ್ಯವಾದಷ್ಟು 24 ಗಂಟೆಗಳೊಳಗೆ. ಬರೆಯಲು ಬಾರದವರ ದೂರನ್ನು ಬರಹಕ್ಕಿಳಿಸಲು ಅವರೇ ನೆರವಾಗಬೇಕು. ಆದೇಶ ಪಾಲಿಸದವರಿಗೆ 10,000 ರೂಪಾಯಿವರೆಗೆ, ಆಮೇಲೂ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿವರೆಗೆ ದಂಡವಿದೆ. ಖಾಸಗಿ ಕಾರ್ಖಾನೆ, ಖಾಸಗಿ ಆಸ್ಪತ್ರೆಗಳ ವಿರುದ್ಧ ರಿಟ್ ಅರ್ಜಿ ನಿಲ್ಲುವುದು ಕಷ್ಟ. ಆದರೆ ಈ ಕಾಯ್ದೆ ಸರ್ಕಾರಿ, ಖಾಸಗಿ ಎಂಬ ಭೇದ ಮಾಡುವುದಿಲ್ಲ. ಇದೇ ನಮಗೆ ದೊಡ್ಡ ಬಲ. ದುಃಖದ ಸಂಗತಿಯೆಂದರೆ ಕಾಯ್ದೆ ಜಾರಿಯಾದ ಮೇಲೂ ಹಲವು ರಾಜ್ಯಗಳು ಓಂಬುಡ್ಸ್‌ಮನ್ ನೇಮಕಕ್ಕೆ ವರ್ಷಗಟ್ಟಲೆ ತಡಮಾಡಿದವು. ಖಾಲಿ ಕುರ್ಚಿಯನ್ನು ತುಂಬಿಸುವುದು, ದೂರು ಅಧಿಕಾರಿ ಯಾರೆಂದು ಪ್ರತಿ ದೊಡ್ಡ ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅಡಿಯಲ್ಲೋ ಪತ್ರದ ಮೂಲಕವೋ ಕೇಳುತ್ತಿರುವುದು, ಇದೂ ವಕೀಲರ ಕೆಲಸವೇ.

ನಮ್ಮ ಹೋರಾಟ ತಾರತಮ್ಯದ ಪ್ರಕರಣಗಳಿಗಷ್ಟೇ ಸೀಮಿತವಲ್ಲ ಎಂಬುದನ್ನೂ ತಿಳಿದಿರಿ. ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಮಾತ್ರೆಯ ಬೆಲೆ ಕೇಳಿಯೇ ಮನೆಗೆ ಮರಳಿದವರು ಎಷ್ಟೋ ಜನ. ಎಳೆಯ ಮಕ್ಕಳಿಗೆ ಕೊಡುವ ನೆವಿರಪಿನ್ ಸಿರಪ್ಪಿಗೆ ಕಂಪನಿಯೊಂದು ಪೇಟೆಂಟ್ ಕೇಳಿದಾಗ ಸೋಂಕಿತರ ಸಂಘಟನೆಗಳೇ ತಕರಾರು ಸಲ್ಲಿಸಿದವು, 2008ರಲ್ಲಿ ಆ ಅರ್ಜಿ ತಿರಸ್ಕೃತವಾಯಿತು. ಕಾಯ್ದೆ ರೂಪಿಸುವಾಗಲೂ ಚಿಕಿತ್ಸೆಯನ್ನು ಸರ್ಕಾರ "ಸಾಧ್ಯವಾದಷ್ಟು ಮಟ್ಟಿಗೆ" ಒದಗಿಸಬೇಕೆಂಬ ಮಾತನ್ನು ತೆಗೆಯಿರಿ ಎಂದು ನಾವು ಬೀದಿಗಿಳಿದು ಕೇಳಿದೆವು. ಆ ಮಾತು 14ನೇ ಕಲಮಿನಲ್ಲಿ ಇಂದಿಗೂ ಉಳಿದಿದೆ. ಮಾತ್ರೆಯ ದಾಸ್ತಾನು ಮುಗಿದಿದೆ ಎಂದು ಹೇಳಿ ಒಂದು ತಿಂಗಳಿಗೆ ಕೊಡಬೇಕಾದಲ್ಲಿ ವಾರಕ್ಕಾಗುವಷ್ಟು ಕೊಟ್ಟು ಕಳಿಸಿದಾಗ, ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬರುವವನಿಗೆ ಆ ಮಾತಿನ ಬೆಲೆ ಏನೆಂದು ತಿಳಿಯುತ್ತದೆ.

ಮಲಪ್ರಭಾ ದಂಡೆ ಬರೆದ ಮರುಪ್ರಶ್ನೆ:

ತಾವೆಲ್ಲರೂ ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಹಿರಿಯರಲ್ಲಿ ಒಂದು ನಿರ್ದಿಷ್ಟ ಪ್ರಶ್ನೆ. ಈಗ ನಮ್ಮ ಕಚೇರಿಗೆ ಬಂದಿರುವ ಒಂದು ಪಾಲಿನ ದಾವೆಯನ್ನು ಬೇರೆಡೆ ಸಿದ್ಧಪಡಿಸಿ ಹೂಡಲಾಗಿದೆ. ದಾವಾ ಅರ್ಜಿಯಲ್ಲಿಯೇ ವಾದಿಯ ಹೆಸರು, ಊರು, ಗಂಡನ ಕಾಯಿಲೆ, ಆಕೆಯ ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಪ್ರತಿವಾದಿಗಳಾದ ಮೈದುನರಿಗೆ ನಕಲು ತಲುಪಿಯೂ ಆಗಿದೆ. ಇನ್ನು ಮುಂದೆ 34ನೇ ಕಲಮಿನಿಂದ ಪ್ರಯೋಜನವಿದೆಯೇ, ಅಥವಾ ಕಾಲ ಮೀರಿತೇ? ಆಕೆ ಪಾಲು ಬಿಡಲು ತಯಾರಿಲ್ಲ, ಆದರೆ ಕೋರ್ಟಿಗೆ ಬರಲು ಹೆದರುತ್ತಿದ್ದಾಳೆ.

ಸಾಧನಕೇರಿ ವಕೀಲ ಬರೆದ ಉತ್ತರ:

ಕಾಲ ಮೀರಿಲ್ಲ. ಮೈದುನರಿಗೆ ಗೊತ್ತಾಗಿರುವುದು ಬೇರೆ, ತಾಲ್ಲೂಕಿಗೆಲ್ಲ ಗೊತ್ತಾಗುವುದು ಬೇರೆ. ಮೊದಲು ಆ ತಾಯಿಯೊಂದಿಗೆ ಒಬ್ಬರೇ ಕುಳಿತು, ಆಕೆಗೆ ಏನು ಬೇಕು ಎಂದು ಸಾವಧಾನವಾಗಿ ಕೇಳಿ, ನೀವು ಹಾಕಲಿರುವ ಪ್ರತಿ ಅರ್ಜಿಯನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳಿ ಲಿಖಿತ ಒಪ್ಪಿಗೆ ಪಡೆಯಿರಿ. ಆಮೇಲೆ 34ನೇ ಕಲಮಿನ ಅಡಿ ಮಧ್ಯಂತರ ಅರ್ಜಿ ಸಲ್ಲಿಸಿ, ವಾದಿಯ ಹೆಸರಿನ ಬದಲು ಸಂಕೇತಾಕ್ಷರ ಬಳಸಬೇಕೆಂದೂ, ಪ್ರತಿವಾದಿಗಳು ವಿಷಯವನ್ನು ಹೊರಗೆ ಪ್ರಚಾರ ಮಾಡದಂತೆ ತಡೆಯಬೇಕೆಂದೂ, ಸಾಕ್ಷ್ಯವನ್ನು ಮುಚ್ಚಿದ ಕೋಣೆಯಲ್ಲಿ ದಾಖಲಿಸಬೇಕೆಂದೂ ಕೇಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಕಾರರ ಹೆಸರು ಮತ್ತು ಆದೇಶಗಳು ಯಾರಿಗೆ ಬೇಕಾದರೂ ಕಾಣುತ್ತವೆ. ಆದ್ದರಿಂದ ಅಲ್ಲಿಯೂ, ಪ್ರತಿದಿನ ಗೋಡೆಗೆ ಅಂಟಿಸುವ ಪ್ರಕರಣಗಳ ಪಟ್ಟಿಯಲ್ಲಿಯೂ ಹೆಸರು ಮರೆಮಾಡಬೇಕೆಂದು ಅದೇ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಆದೇಶವಾದ ಮೇಲೆ ನೀವೇ ಖುದ್ದಾಗಿ ಹೋಗಿ ಬೆಂಚ್ ಕ್ಲರ್ಕ್ ಮತ್ತು ಶಿರಸ್ತೇದಾರರಿಗೆ ವಿವರಿಸದಿದ್ದರೆ ಅದು ಕಡತದಲ್ಲಿಯೇ ಉಳಿಯುತ್ತದೆ.

ಎರಡನೆಯದಾಗಿ, ಪಾಲಿನ ದಾವೆಗೆ ಆಕೆಯ ಪರೀಕ್ಷೆಯ ಫಲಿತಾಂಶ ಬೇಕೇ ಎಂದು ಯೋಚಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಧವೆ ಮೊದಲ ವರ್ಗದ ವಾರಸುದಾರಳು. ಆಕೆಯ ಹಕ್ಕಿಗೂ ಆರೋಗ್ಯಕ್ಕೂ ಸಂಬಂಧವಿಲ್ಲ. ಹಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 17ನೇ ನಿಯಮದಡಿ ತಿದ್ದುಪಡಿ ಕೋರಿ ಆ ಕಂಡಿಕೆಗಳನ್ನೇ ತೆಗೆದುಹಾಕಿ. ಆಕೆಯನ್ನು ಮನೆಯಿಂದ ಹೊರಹಾಕಿದ್ದರೆ ಮನೆಗಾಗಿ ಪಾಲಿನ ದಾವೆಯ ತೀರ್ಪಿನವರೆಗೆ ಕಾಯಬೇಡಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ ಅಡಿ ಮ್ಯಾಜಿಸ್ಟ್ರೇಟರ ಮುಂದೆ ವಾಸದ ಹಕ್ಕಿನ ಆದೇಶ ಕೇಳಬಹುದು. ಜೀವನಾಂಶದ ಅರ್ಜಿಗಳಲ್ಲಿ ಮಾತ್ರ ಸೋಂಕಿನ ವಿಷಯ ಹೇಳುವುದರಿಂದ ಲಾಭವಿದೆ, ಏಕೆಂದರೆ ಚಿಕಿತ್ಸೆಯ ಖರ್ಚನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಬೇಕೆಂದು 35ನೇ ಕಲಮು ಹೇಳುತ್ತದೆ. ಹೇಳುವುದಾದರೆ ಅಲ್ಲಿ ಹೇಳಿ, ಅದೂ ಹೆಸರು ಮರೆಮಾಡಿದ ಮೇಲೆ.

ಬೆಂಗಳೂರು ಕಚೇರಿ ಬರೆದ ಉತ್ತರ:

ಹೊಟ್ಟೆಪಾಡಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾನು ಹಲವು ವರ್ಷ ಬೆಂಗಳೂರಿನಲ್ಲಿ ಸ್ವಯಂಸೇವಾ ಸಂಸ್ಥೆಯ ಸಂಬಳದ ವಕೀಲನಾಗಿ ಈ ಕೆಲಸ ಮಾಡಿದ್ದೇನೆ. ಸಂಸ್ಥೆಯ ಹುದ್ದೆ ಯೋಜನೆಯ ಹಣವನ್ನು ನಂಬಿರುತ್ತದೆ. ಹಣ ಕೊಡುವವರ ಆದ್ಯತೆ ಬದಲಾದ ದಿನ ಹುದ್ದೆಯೂ ಹೋಗುತ್ತದೆ, ಆದರೆ ಕಕ್ಷಿದಾರರ ಪ್ರಕರಣಗಳು ಹಾಗೆಯೇ ಉಳಿದಿರುತ್ತವೆ. ಆದ್ದರಿಂದ ನಿಮ್ಮ ಸಿವಿಲ್ ವೃತ್ತಿಯನ್ನು ಬಿಡಬೇಡಿ. ವಾಟ್ನಿ, ಜೀವನಾಂಶ, ಕಾರ್ಮಿಕ ಪ್ರಕರಣಗಳಲ್ಲಿ ಪಳಗಿದ ವಕೀಲರೇ ಸೋಂಕಿತರಿಗೆ ನಿಜವಾಗಿ ಉಪಯೋಗಕ್ಕೆ ಬರುವವರು, ಏಕೆಂದರೆ ಅವರ ತೊಂದರೆಗಳು ಬರುವುದು ಈ ರೂಪಗಳಲ್ಲಿಯೇ.

ಜೊತೆಗೆ ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಪಟ್ಟಿಗೆ ಅರ್ಜಿ ಹಾಕಿ. 1987ರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು; ನಿಮ್ಮ ಬಳಿ ಬರುವವರಲ್ಲಿ ಹೆಚ್ಚಿನವರು ಇದರಲ್ಲಿಯೇ ಸೇರುತ್ತಾರೆ. ಪ್ರಾಧಿಕಾರದಿಂದ ಬರುವ ಶುಲ್ಕ ಕಡಿಮೆ, ಆದರೆ ಕಕ್ಷಿದಾರರಿಂದ ಹಣ ಕೇಳಬೇಕಾದ ಸಂಕಟ ಇರುವುದಿಲ್ಲ. ಅರ್ಜಿಯ ನಮೂನೆಯಲ್ಲಿ ಪ್ರಕರಣದ ಸ್ವರೂಪ ಎಂಬ ಜಾಗದಲ್ಲಿ ಆಸ್ತಿಯ ಪಾಲು, ಜೀವನಾಂಶ ಎಂದಷ್ಟೇ ಬರೆಯಿಸಿ. ಕಾಯಿಲೆಯ ಹೆಸರು ಆ ಕಡತಕ್ಕೆ ಹೋಗಬೇಕಾದ ಕಾರಣವೇ ಇಲ್ಲ.

ಬೆಂಗಳೂರಿಗೆ ಬರುವುದಾದರೆ ನೆಲೆಸಲು ಬೇಡ, ಕೆಲವು ತಿಂಗಳ ಮಟ್ಟಿಗೆ ಕಲಿಯಲು ಬನ್ನಿ. ಇಲ್ಲಿ ಹೈಕೋರ್ಟಿನ ವಕೀಲರ ಪರಿಚಯ ಮಾಡಿಕೊಂಡು ಹೋದರೆ, ಧಾರವಾಡ ಪೀಠದಲ್ಲಿ ರಿಟ್ ಹಾಕಬೇಕಾದ ದಿನ ನಿಮಗೆ ಜೊತೆಯಿರುತ್ತದೆ. ಸರ್ಕಾರಿ ನೌಕರಿಯ ವಿಷಯ ಬಂದರೆ 3ನೇ ಕಲಮನ್ನು ಗಟ್ಟಿಯಾಗಿ ಹಿಡಿಯಿರಿ: ಕೆಲಸದಿಂದ ತೆಗೆಯಬೇಕಾದರೆ, ಆ ವ್ಯಕ್ತಿಯಿಂದ ಕೆಲಸದ ಸ್ಥಳದಲ್ಲಿ ಸೋಂಕು ಹರಡುವ ಗಣನೀಯ ಅಪಾಯವಿದೆ ಅಥವಾ ಆತ ಆ ಕೆಲಸಕ್ಕೆ ಅಶಕ್ತ ಎಂದು ಅರ್ಹ, ಸ್ವತಂತ್ರ ಆರೋಗ್ಯ ಸೇವಾದಾರರು ಲಿಖಿತವಾಗಿ ಹೇಳಿರಬೇಕು, ಹೊಂದಾಣಿಕೆ ಮಾಡಿಕೊಡಲು ತನಗಿರುವ ಅಡಚಣೆಯನ್ನು ಮಾಲೀಕರೂ ಬರೆದು ಕೊಡಬೇಕು. ಈ ಎರಡು ಕಾಗದಗಳನ್ನು ತೋರಿಸಿ ಎಂದು ಕೇಳುವ ನೋಟಿಸಿನಿಂದಲೇ ಆರಂಭಿಸಿ. ಕರಡು ಸಿದ್ಧವಾದಾಗ ಹೆಸರು, ಊರು, ಸಂಸ್ಥೆ ಎಲ್ಲವನ್ನೂ ತೆಗೆದು ಇಲ್ಲಿ ಹಾಕಿದರೆ ನಾನು ತಿದ್ದಿಕೊಡುತ್ತೇನೆ.